ಹದಿನೇಳನೇ ದೋಣಿಯಲ್ಲಿ ಯಾರೂ ಇಲ್ಲ

ಗಂಟಣ್ಣ ತನ್ನ ಆಯುಷ್ಯದಲ್ಲಿ ಹೇಳಿದ ಸುಳ್ಳುಗಳನ್ನೆಲ್ಲ ಗುಡ್ಡೆ ಹಾಕಿದರೂ ಒಂದು ಬೊಗಸೆ ತುಂಬುತ್ತಿರಲಿಲ್ಲ. ಅವನೇನೂ ಸತ್ಯಸಂಧನಲ್ಲ. ಯಾರಿಗೆ ಯಾವ ಸುಳ್ಳು ಹೇಳಿದೆನೆಂದು ನೆನಪಿಟ್ಟುಕೊಳ್ಳುವುದು ಅವನ ತಲೆಗೆ ಭಾರವಾಗುತ್ತಿತ್ತು, ಅಷ್ಟೇ. ಅಂಥವನು ದೋಣಿಕಟ್ಟೆಯ ಸಭೆಯಲ್ಲಿ ನಲವತ್ತು ಜನರ ಎದುರಿಗೆ, ಯಾರ ಒತ್ತಾಯವೂ ಇಲ್ಲದೆ, ಎದ್ದು ನಿಂತು ಒಂದು ಸುಳ್ಳು ಹೇಳಿಬಿಟ್ಟ.

ಆ ದೋಣಿಕಟ್ಟೆಯಲ್ಲಿ ಕಲ್ಲಿನ ಗೋಡೆ ಸುತ್ತುವರಿದ ನೀರಿನೊಳಗೆ ನೂರಿಪ್ಪತ್ತು ದೋಣಿಗಳು ಸಾಲಾಗಿ ಕಟ್ಟಿಸಿಕೊಂಡು ನಿಂತಿದ್ದವು. ಅನುಕೂಲಸ್ಥರ ದೋಣಿಗಳು ವರ್ಷವಿಡೀ ಹೊದಿಕೆ ಹೊದ್ದು ಮಲಗಿರುತ್ತಿದ್ದವು. ಉಳಿದವುಗಳಿಗೆ ಆ ಭಾಗ್ಯವಿಲ್ಲ, ಅವು ಮನೆಗಳು. ದಡದ ಮೇಲೆ ಮನೆ ಮಾಡಲಾರದವರು ನೀರಿನ ಮೇಲೆ ಸಂಸಾರ ಹೂಡಿದ್ದರು. ಗಂಟಣ್ಣ ಅಂಥವರಲ್ಲಿ ಒಬ್ಬ. ಹರಿದ ಹಾಯಿ ಹೊಲಿಯುವುದು, ದೋಣಿಗಳಿಗೆ ಕ್ಯಾನ್ವಾಸಿನ ಹೊದಿಕೆ ಹೊಲಿಯುವುದು ಅವನ ಕಸುಬು. ಹೊಲಿಗೆಗೆ ಯಾರೂ ಹೆಸರಿಡುವಂತಿರಲಿಲ್ಲ. ಗಂಟಿಗೆ ಮಾತ್ರ ಇಟ್ಟರು. ಅವನು ಹಾಕಿದ ಗಂಟನ್ನು ಹಾಕಿದವನೇ ಬಿಚ್ಚಲಾರ. ಹೊರಡುವ ಗಳಿಗೆಯಲ್ಲಿ ಹೊಸ ಹಗ್ಗವನ್ನು ಚಾಕುವಿನಲ್ಲಿ ಕೊಯ್ದ ಯಾರೋ ಯಜಮಾನರು ಹಲ್ಲು ಕಡಿಯುತ್ತ ಇಟ್ಟ ಹೆಸರು ಅದು.

ಅವನ ಹೆಂಡತಿಯ ಎರಡೂ ಕಿಡ್ನಿಗಳು ಎರಡು ವರ್ಷದ ಹಿಂದೆ ಕೆಲಸ ನಿಲ್ಲಿಸಿದ್ದವು. ದಿನ ಬಿಟ್ಟು ದಿನ ಆಸ್ಪತ್ರೆಗೆ ಹೋಗಿ ನಾಲ್ಕು ಗಂಟೆ ಯಂತ್ರಕ್ಕೆ ಕೈಕೊಟ್ಟು ಮಲಗಬೇಕು. ಆಸ್ಪತ್ರೆಯ ವ್ಯಾನು ಬೆಳಿಗ್ಗೆ ಏಳೂವರೆಗೆ ಕಟ್ಟೆಯ ಗೇಟಿಗೆ ಬಂದು ಐದು ನಿಮಿಷ ನಿಲ್ಲುತ್ತಿತ್ತು. ಗಂಟಣ್ಣನ ಹದಿನೇಳನೇ ನಂಬರಿನ ದೋಣಿ ಇದ್ದದ್ದು ಒಳಸಾಲಿನಲ್ಲಿ, ಗೋಡೆಯ ಮಗ್ಗುಲಿಗೆ. ಅಲ್ಲಿಂದ ದಡಕ್ಕೆ ಹನ್ನೆರಡು ಹೆಜ್ಜೆ, ದಡದಿಂದ ಗೇಟಿಗೆ ಮೂವತ್ತು. ಕೋಲೂರಿಕೊಂಡು, ಎರಡು ಸಲ ನಿಂತು ಸುಧಾರಿಸಿಕೊಂಡು ಅವಳು ತಲುಪುತ್ತಿದ್ದಳು. ಹೊರಸಾಲೆಂದರೆ ಬೇರೆ ಲೋಕ. ತೇಲುವ ಹಲಗೆಗಳ ಮೇಲೆ ನಾನೂರು ಹೆಜ್ಜೆ. ಹಲಗೆಗೂ ಹಲಗೆಗೂ ನಡುವೆ ಗೇಣಗಲ ಸಂದು. ಗಾಳಿ ಎದ್ದರೆ ಗಟ್ಟಿಮುಟ್ಟಾದವರೂ ಪಕ್ಕದ ಕಂಬಿ ಹಿಡಿಯಬೇಕು. ಕಂಬಿ ಅರ್ಧ ದಾರಿಗೇ ಮುಗಿದುಹೋಗುತ್ತಿತ್ತು.

ಸಭೆ ಕರೆದದ್ದು ಕಟ್ಟೆಯ ಮ್ಯಾನೇಜರ್ ಸಾಹೇಬರು. ಮೃದು ಮಾತಿನ ಮನುಷ್ಯ. ಕೆಟ್ಟ ಸುದ್ದಿ ಹೇಳುವ ಮೊದಲು ಎದುರಿನವರ ಆರೋಗ್ಯ ವಿಚಾರಿಸುವ ಪೈಕಿ. ಅವರು ಕಚೇರಿಯ ಮಾಳಿಗೆಯ ಮೇಲೆ ನಿಲ್ಲಿಸಿದ್ದ ಬಿಳಿ ಪೆಟ್ಟಿಗೆಯೊಂದನ್ನು ತೋರಿಸಿ, ಇನ್ನು ಮುಂದೆ ದೋಣಿಕಟ್ಟೆಗೆಲ್ಲ ವೈಫೈ ಬರುತ್ತದೆಂದೂ, ಪ್ರತಿ ದೋಣಿಯವರೂ ತಮ್ಮ ನಂಬರು ಒತ್ತಿ ಉಪಯೋಗಿಸಬಹುದೆಂದೂ ಹೇಳಿ, "ಯಾರ ದೋಣಿಗೆ ಸಿಗ್ನಲ್ ಬರ್ತಿಲ್ಲ, ದಯವಿಟ್ಟು ಹೇಳಿ. ನಮ್ಮ ಹತ್ರ ಇನ್ನೊಂದು ಪೆಟ್ಟಿಗೆ ಇದೆ. ಬೇಕಾದ ಸಾಲಿಗೆ ಹಾಕಿಸ್ತೀವಿ" ಎಂದರು.

ಗಂಟಣ್ಣನ ಪಕ್ಕದಲ್ಲಿ ಅವನ ಭಾವಮೈದುನ ಕೂತಿದ್ದ. ಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟವನು. ಸಭೆಗೆ ಬಂದದ್ದು ಗಿರಾಕಿ ಸಿಕ್ಕಾರೆಂದು. ಅವನು ಗಂಟಣ್ಣನ ಜೇಬಿನಲ್ಲಿದ್ದ ಗುಂಡಿ ಒತ್ತುವ ಹಳೇ ಫೋನನ್ನು ನಾಲ್ಕು ಜನಕ್ಕೆ ಕಾಣುವಂತೆ ಎತ್ತಿ ಹಿಡಿದ.

"ಭಾವ, ವೈಫೈ ಅಂದ್ರೆ ಏನು ಅಂತಾದ್ರೂ ಗೊತ್ತಾ ನಿಮ್ಗೆ? ಇದರಲ್ಲಿ ವೈಫೈ ಹಿಡಿಯೋದು, ಸೋರೋ ಬಕೆಟ್‌ನಲ್ಲಿ ಬೆಳಕು ಹಿಡಿಯೋದು, ಎರಡೂ ಒಂದೇ!"

ಹಿಂದಿನ ಸಾಲಿನವರು ನಕ್ಕರು. ಗಂಟಣ್ಣನಿಗೆ ಕಿವಿ ಬಿಸಿಯಾಯಿತು. ಮೈದುನನ ಎದುರಿಗೆ ಕಿವಿ ಬಿಸಿಯಾದ ಗಂಡಸು ಏನು ಮಾಡಿಯಾನೆಂದು ಹೇಳಲು ಜಗತ್ತಿನ ಯಾವ ಶಾಸ್ತ್ರಕ್ಕೂ ಸಾಧ್ಯವಾಗಿಲ್ಲ. ಗಂಟಣ್ಣ ಎದ್ದು ನಿಂತ.

"ನಮ್ಮಲ್ಲಿ ಫುಲ್ಲು ಸಾರ್! ದಿನಾ ನೋಡ್ತೀನಿ. ಒಳಸಾಲಿಗೆಲ್ಲ ಭರ್ಜರಿ ಬರ್ತಿದೆ."

ಒಳಸಾಲಿನ ಉಳಿದವರು ಮುಖ ಮುಖ ನೋಡಿಕೊಂಡರು. ಹಾಯಿ ಹೊಲಿಯುವವನಿಗೇ ಫುಲ್ ಬರುವಾಗ ತಮಗೆ ಇಲ್ಲವೆಂದರೆ ಮರ್ಯಾದೆಯೇ? "ಹೌದೌದು, ನಮಗೂ ಬರುತ್ತೆ" ಎಂದು ಒಬ್ಬೊಬ್ಬರೇ ತಲೆಯಾಡಿಸಿದರು. ಸಾಹೇಬರು ಸಂತೋಷಪಟ್ಟು ಎಲ್ಲರಿಂದಲೂ ಸಹಿ ಹಾಕಿಸಿಕೊಂಡರು. ಎರಡನೇ ಪೆಟ್ಟಿಗೆ ಹೊರಸಾಲಿನ ತುದಿಗೆ ಹೋಯಿತು.

ನಿಜವೆಂದರೆ ಒಳಸಾಲಿಗೆ ವೈಫೈಯ ಗಾಳಿಯೂ ಸೋಕುತ್ತಿರಲಿಲ್ಲ. ಒಂದು ಕಡೆ ಕಲ್ಲಿನ ಗೋಡೆ. ಇನ್ನೊಂದು ಕಡೆ ಒಬ್ಬ ವಕೀಲಮ್ಮನ ಎರಡು ಮಹಡಿಯ ಕಬ್ಬಿಣದ ದೋಣಿ, ಬಾಗಿಲಿಗೆ ಅಡ್ಡ ನಿಂತ ಎಮ್ಮೆಯಂತೆ. ಬರುವ ಸಿಗ್ನಲನ್ನೆಲ್ಲ ಅದೇ ಕುಡಿದುಬಿಡುತ್ತಿತ್ತು. ಗಂಟಣ್ಣನಿಗೆ ಇದು ಗೊತ್ತಿರಲಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ. ಆಮೇಲಿನ ದಿನಗಳಲ್ಲಿ ಅವನು ಗಮನಿಸಿದ್ದು ಒಂದೇ: ಒಳಸಾಲಿನ ಜನ ಇದ್ದಕ್ಕಿದ್ದಂತೆ ಬಹಳ ಶುಚಿಯಾಗಿದ್ದರು. ದಡದ ಮೇಲಿನ ಬಟ್ಟೆ ಒಗೆಯುವ ಕೋಣೆಗೆ ದಿನಕ್ಕೆರಡು ಸಲ ಬುಟ್ಟಿ ಹೊತ್ತುಕೊಂಡು ಹೋಗುತ್ತಿದ್ದರು. ಪಕ್ಕದ ಹದಿನೆಂಟನೇ ದೋಣಿಯ ಗಡಿಯಾರ ರಿಪೇರಿಯವರಂತೂ ಒಂದೇ ಅಂಗಿಯನ್ನು ವಾರದಲ್ಲಿ ಒಂಬತ್ತು ಸಲ ಒಗೆದರು.

"ನೋಡಿ ಕಲೀರಿ" ಎಂದಳು ಹೆಂಡತಿ.

ಮೂರು ತಿಂಗಳು ಕಳೆದವು. ಮೋಡ ಮುಸುಕಿದ ಒಂದು ಮಧ್ಯಾಹ್ನ ಗಂಟಣ್ಣ ದೋಣಿಯೊಳಗೆ ಕೂತು ಹಾಯಿಯೊಂದಕ್ಕೆ ತೇಪೆ ಹಾಕುತ್ತಿದ್ದ. ಹೊರಗೆ ಗೋಂದಿನ ಬ್ರಷ್ಷು ಉಜ್ಜುವ ಸದ್ದಾಯಿತು. ತಲೆ ಹೊರಗೆ ಹಾಕಿದರೆ, ಕಟ್ಟೆಯ ಕಾವಲುಗಾರ ಬಾಗಿಲಿಗೆ ಕಾಗದ ಅಂಟಿಸುತ್ತಿದ್ದಾನೆ.

"ಏನಯ್ಯಾ ಅದು?"

"ನೋಟೀಸು."

"ಏನಂತೆ?"

ಕಾವಲುಗಾರ ಓದಿದ. "ಹದಿನೇಳನೇ ದೋಣಿಯಲ್ಲಿ ಯಾರೂ ವಾಸವಾಗಿಲ್ಲವಾದ್ದರಿಂದ ಏಳು ದಿನಗಳೊಳಗೆ ಹೊರಸಾಲಿಗೆ ಸ್ಥಳಾಂತರಿಸಲಾಗುವುದು."

"ಯಾರೂ ಇಲ್ವಾ? ಮತ್ತೆ ನಾನ್ಯಾರು?"

ಕಾವಲುಗಾರ ಅವನನ್ನು ಮೇಲಿಂದ ಕೆಳಗೆ ನೋಡಿದ. ಹತ್ತು ವರ್ಷದಿಂದ ದಿನಾ ಬೆಳಿಗ್ಗೆ ನೋಡಿದ ಮುಖವೇ.

"ನೀವು ಇದ್ದೀರಿ ಅಣ್ಣ. ನಾನು ಬೇರೆ ಹೇಳ್ತಿಲ್ಲ. ಪಟ್ಟಿಯಲ್ಲಿ ಇಲ್ಲ ಅಷ್ಟೆ. ಸ್ವಲ್ಪ ಈ ಮೂಲೆ ಒತ್ತಿ ಹಿಡೀರಿ, ಗಾಳಿಗೆ ಏಳ್ತಾ ಇದೆ."

ತನ್ನ ಇಲ್ಲದಿರುವಿಕೆಯ ನೋಟೀಸಿನ ಮೂಲೆಯನ್ನು ಗಂಟಣ್ಣ ತಾನೇ ಹೆಬ್ಬೆರಳಿನಲ್ಲಿ ಒತ್ತಿ ಹಿಡಿದ. ಗೋಂದು ಚೆನ್ನಾಗಿ ಹಿಡಿಯಿತು.

ಕಚೇರಿಯಲ್ಲಿ ಸಾಹೇಬರು ಕುರ್ಚಿ ಕೊಟ್ಟರು. ಮನೆಯವರು ಹೇಗಿದ್ದಾರೆಂದು ಕೇಳಿದರು. ಅಲ್ಲಿಗೇ ಗಂಟಣ್ಣ ಕುರ್ಚಿಯ ತುದಿಗೆ ಸರಿದು ಕೂತ.

"ಏನಿಲ್ಲ. ಖಾಲಿ ದೋಣಿಗಳು ಒಳಸಾಲಿನಲ್ಲಿ ಸುಮ್ನೆ ಜಾಗ ಹಿಡಿದಿವೆ ಅಂತ ಮೇಲಿಂದ ಹೇಳಿದಾರೆ. ಯಾರು ಇದ್ದಾರೆ, ಯಾರು ಇಲ್ಲ ಅಂತ ದಿನಾ ಹೋಗಿ ಬಾಗಿಲು ತಟ್ಟೋಕಾಗುತ್ತಾ? ಅದಕ್ಕೇ ವೈಫೈ ಪಟ್ಟಿ. ಯಾವ ದೋಣಿಯಿಂದ ಎಷ್ಟು ಉಪಯೋಗ ಆಗಿದೆ ಅಂತ ಅದೇ ಬರೆದುಕೊಳ್ಳುತ್ತೆ. ಹದಿನೇಳು, ನೋಡಿ, ಮೂರು ತಿಂಗಳು ಸೊನ್ನೆ."

"ನಮ್ಮ ಹತ್ರ ಆ ಥರದ ಫೋನೇ ಇಲ್ಲ ಸಾರ್."

ಸಾಹೇಬರು ಮೃದುವಾಗಿ ಒಂದು ಕಾಗದ ಮುಂದೆ ಸರಿಸಿದರು. ಸಭೆಯ ದಿನದ ಕಾಗದ. ಹದಿನೇಳು: ಸಿಗ್ನಲ್ ಪೂರ್ತಿ ಬರುತ್ತದೆ, ದಿನಾ ನೋಡುತ್ತೇನೆ. ಕೆಳಗೆ ಗಂಟಣ್ಣನ ಸಹಿ, ಗಂಟಿನ ಹಾಗೆಯೇ ಸುತ್ತಿಕೊಂಡಿತ್ತು.

"ಸಿಗ್ನಲ್ ಪೂರ್ತಿ ಇದೆ. ದಿನಾ ನೋಡೋ ಅಭ್ಯಾಸವೂ ಇದೆ. ಆದ್ರೂ ಮೂರು ತಿಂಗಳು ಸೊನ್ನೆ. ಅಂದ್ರೆ ಅಲ್ಲಿ ಯಾರೂ ಇಲ್ಲ ಅಂತ ತಾನೆ ಅರ್ಥ? ನನಗೆ ನಿಮ್ಮ ಮೇಲೆ ನಂಬಿಕೆ ಇದೆ. ಪಟ್ಟಿಗೆ ಇರಬೇಕಲ್ಲ? ಏಳು ದಿನ ಇದೆ. ದಿನಕ್ಕೆ ಆರು ಗಂಟೆ ಉಪಯೋಗಿಸಿ ತೋರಿಸಿ. ಕಾಗದ ಹರಿದು ಹಾಕ್ತೀನಿ."

ಸುಳ್ಳೆಂದು ಒಪ್ಪಿಕೊಂಡರೆ ಸಹಿ ಹಾಕಿ ಮೋಸ ಮಾಡಿದಂತೆ. ಒಪ್ಪದಿದ್ದರೆ ತಾನು ಇಲ್ಲವೇ ಇಲ್ಲ. ಗಂಟಣ್ಣ ಎರಡರ ನಡುವೆ ನಿಂತು, ಯಾವುದು ಕಡಿಮೆ ಅವಮಾನವೆಂದು ಯೋಚಿಸಿ, ಮೂರನೆಯದನ್ನು ಮಾಡಿದ. ಮೈದುನನನ್ನು ಕರೆಸಿದ.

ಮೈದುನ ಬಂದ. ನೋಟೀಸು ಓದಿದ. ಅಕ್ಕನ ಕಾಲಿನ ಬಾವು ನೋಡಿದ. ಮೊದಲ ಬಾರಿಗೆ ಭಾವನನ್ನು ಹಂಗಿಸದೆ, ಅಂಗಡಿಯಲ್ಲಿ ಮೂಲೆಗೆ ಬಿದ್ದಿದ್ದ ಒಂದು ಟಚ್ ಫೋನು ತಂದುಕೊಟ್ಟ. ಅದರ ಗಾಜು ಒಡೆದಿತ್ತು, ಉಳಿದದ್ದೆಲ್ಲ ಸರಿಯಿತ್ತು. ದೋಣಿಯ ಮೂಲೆ ಮೂಲೆಗೆ ಅದನ್ನು ಹಿಡಿದು ನೋಡಿದರು. ಅಡುಗೆ ಒಲೆಯ ಮೇಲೆ, ಹೊಲಿಗೆ ಯಂತ್ರದ ಮೇಲೆ, ಅವಳ ಔಷಧದ ಪೆಟ್ಟಿಗೆಯ ಮೇಲೆ. ಸಿಗ್ನಲ್ಲಿನ ಒಂದು ಕಡ್ಡಿಯೂ ಏಳಲಿಲ್ಲ.

"ಭಾವ, ಫುಲ್ಲು ಅಂದ್ರಲ್ಲ?"

"ಅಂದೆ."

"ಯಾಕ್ ಅಂದ್ರಿ?"

"ನೀನಿದ್ದೆಯಲ್ಲ ಪಕ್ಕದಲ್ಲಿ."

ಮೈದುನ ಫೋನನ್ನು ಇನ್ನೊಂದು ಮೂಲೆಗೆ ಹಿಡಿದ.

ಹನ್ನೊಂದು ಗಂಟೆಯ ಹೊತ್ತಿಗೆ ಫೋನು ತಾನಾಗಿ ಟಣ್ ಎಂದಿತು. ಮೈದುನ ಹಾರಿಬಿದ್ದ. "ಬಂತು! ಎರಡು ಕಡ್ಡಿ! ಯಾರೂ ಅಲುಗಾಡಬೇಡಿ!" ಮೂವರೂ ಉಸಿರು ಬಿಗಿಹಿಡಿದು ಕೂತರು. ಅರ್ಧ ಗಂಟೆ ಚೆನ್ನಾಗಿ ನಡೆಯಿತು. ಆಮೇಲೆ ಕಡ್ಡಿ ಒಂದಾಯಿತು, ಒಂದೂ ಹೋಯಿತು. ಹೆಂಡತಿ ಕಿಟಕಿಯಿಂದ ಹೊರಗೆ ನೋಡಿ ಹೇಳಿದಳು.

"ರೀ, ನೀರು ಇಳೀತಾ ಇದೆ."

ಆಗ ಅರ್ಥವಾಯಿತು. ಸಮುದ್ರ ಉಬ್ಬಿದಾಗ ದೋಣಿ ಮೇಲೇಳುತ್ತದೆ, ಕಲ್ಲಿನ ಗೋಡೆಯಾಚೆಗೆ ತಲೆ ಹಾಕುತ್ತದೆ, ಕಚೇರಿಯ ಮಾಳಿಗೆ ಕಾಣುತ್ತದೆ. ನೀರು ಇಳಿದರೆ ದೋಣಿಯೂ ಇಳಿದು ಗುಂಡಿಯೊಳಗೆ ಕೂರುತ್ತದೆ. ಚಂದ್ರನನ್ನು ಕೇಳಿ ವೈಫೈ ಹಚ್ಚಬೇಕಾದ ಕುಟುಂಬ ಅದೊಂದೇ ಇದ್ದಿರಬೇಕು. ದಿನಕ್ಕೆ ಎರಡು ಉಬ್ಬರ, ಒಂದೊಂದಕ್ಕೆ ಅರ್ಧ ಗಂಟೆ. ಸಾಹೇಬರಿಗೆ ಬೇಕಾದದ್ದು ಆರು.

"ದೋಣಿ ಮೇಲೇಳದಿದ್ರೆ ಏನಾಯ್ತು, ಫೋನ್ ಏಳಿಸೋಣ" ಎಂದು ಮೈದುನ ಹಾಯಿಗಂಬದ ತುದಿ ನೋಡಿದ.

ಉಪಾಯ ಕೆಟ್ಟದ್ದೇನೂ ಆಗಿರಲಿಲ್ಲ. ಕ್ಯಾನ್ವಾಸಿನ ಒಂದು ಚೀಲ ಹೊಲಿದು, ಅದರೊಳಗೆ ಫೋನನ್ನೂ ಇಟ್ಟಿಗೆಯಂಥ ಎರಡು ಬ್ಯಾಟರಿಗಳನ್ನೂ ಇಟ್ಟು, ಹಾಯಿ ಏರಿಸುವ ಹಗ್ಗಕ್ಕೆ ಕಟ್ಟಿ ಕಂಬದ ತುದಿಗೆ ಏರಿಸುವುದು. ಬೆಳಿಗ್ಗೆ ಏರಿಸಿ ಸಂಜೆ ಇಳಿಸಿದರಾಯಿತು. ಆದರೆ ಸುಮ್ಮನೆ ಇಟ್ಟರೆ ಉಪಯೋಗವಾಗದು, ಏನಾದರೂ ಓಡುತ್ತಿರಬೇಕು. ಮೈದುನ ಹುಡುಕಿ ಹತ್ತು ಗಂಟೆ ಓಡುವ ವಿಡಿಯೋ ಒಂದನ್ನು ಹಚ್ಚಿದ. ಮುಗಿದರೆ ತಾನೇ ಮೊದಲಿನಿಂದ ಶುರುವಾಗುವಂಥದ್ದು. ನಿದ್ದೆ ಬಾರದವರಿಗೆಂದು ಯಾರೋ ಪುಣ್ಯಾತ್ಮರು ಮಾಡಿದ್ದರು: ಸಮುದ್ರದ ಅಲೆಗಳ ಸದ್ದು.

"ಸದ್ದು ಕಡಿಮೆ ಮಾಡು" ಎಂದಳು ಅಕ್ಕ.

"ಗಾಜು ಒಡೆದಿದೆ ಅಕ್ಕ, ಆ ಗುಂಡಿ ಕೆಲಸ ಮಾಡಲ್ಲ. ಮೇಲೆ ಹೋದ್ಮೇಲೆ ಯಾರಿಗೆ ಕೇಳುತ್ತೆ?"

ಚೀಲವನ್ನು ಹಗ್ಗಕ್ಕೆ ಕಟ್ಟುವ ಕೆಲಸವನ್ನು ಮನೆಯ ಯಜಮಾನನಿಗೆ ಬಿಟ್ಟರು. ಅಲ್ಲಿಗೆ ಎಲ್ಲ ಮುಗಿದಂತಾಯಿತು.

ಸಂಜೆ ಇಳಿಸಹೊರಟರೆ ಚೀಲ ಇಳಿಯಲಿಲ್ಲ. ಗಂಟು ತುದಿಯ ರಾಟೆಯೊಳಗೆ ಸಿಕ್ಕಿಕೊಂಡಿತ್ತು. ಎಳೆದಷ್ಟೂ ಬಿಗಿಯಿತು. ಮೈದುನ ಎಳೆದ, ಗಂಟಣ್ಣ ಎಳೆದ, ಕಾವಲುಗಾರ ಬಂದು ಎಳೆದ. "ಈ ಗಂಟು ಯಾರು ಹಾಕಿದ್ದು?" ಎಂದು ಕೇಳಿದ ಕಾವಲುಗಾರ, ತನಗೇ ಉತ್ತರ ಹೊಳೆದು, ಹೊರಟುಹೋದ.

ಹೀಗೆ ಮೂರು ಹಗಲು ಎರಡು ರಾತ್ರಿ ಹದಿನೇಳನೇ ದೋಣಿ ಎಡೆಬಿಡದೆ ವೈಫೈ ಉಪಯೋಗಿಸಿತು. ಸಮುದ್ರದ ಮೇಲೆ ತೇಲುತ್ತಿದ್ದ ಜನರ ತಲೆಯ ಮೇಲಿಂದ ಸಮುದ್ರದ ಸದ್ದು ಬೀಳತೊಡಗಿತು. ಹೊರಸಾಲಿನ ಹಳೇ ಮೀನುಗಾರನೊಬ್ಬ ದೊಡ್ಡ ಅಲೆ ಬಂತೆಂದು ಎರಡು ಸಲ ಜೀವರಕ್ಷಕ ಅಂಗಿ ತೊಟ್ಟು ದಡಕ್ಕೆ ಓಡಿದ. ಹದಿನೆಂಟರ ಗಡಿಯಾರ ರಿಪೇರಿಯವರು ತಲೆಗೆ ಬಟ್ಟೆ ಸುತ್ತಿಕೊಂಡು ಬಂದರು.

"ಏನ್ರೀ ಇದು, ಕೆಳಗಿನ ಸಮುದ್ರ ಸಾಲ್ದು ಅಂತ ಮೇಲೊಂದು ಸಮುದ್ರ ಕಟ್ಟಿದೀರಾ?"

"ಇನ್ನು ನಾಲ್ಕು ದಿನ ಸ್ವಾಮಿ. ಸಹಿಸ್ಕೊಳ್ಳಿ."

"ನಾಲ್ಕು ದಿನಾನಾ! ಅಷ್ಟರಲ್ಲಿ ನಾನೇ ಆ ಕಂಬಕ್ಕೆ ಹತ್ತಿರ್ತೀನಿ."

ವಕೀಲಮ್ಮ ಬಂದದ್ದು ಮೂರನೆಯ ಮಧ್ಯಾಹ್ನ. ಮೇಲೆ ಕಪ್ಪು ಕೋಟು, ಕೆಳಗೆ ಮನೆಯಲ್ಲಿ ತೊಡುವ ಪೈಜಾಮ. ಕಂಪ್ಯೂಟರಿನಲ್ಲೇ ಕೋರ್ಟು ನಡೆಸುವವರ ವೇಷ ಅದು.

"ಜಡ್ಜ್ ಎದುರಿಗೆ ವಾದ ಮಾಡ್ತಾ ಇದೀನಿ, 'ನನ್ನ ಕಕ್ಷಿದಾರ ನಿರಪರಾಧಿ' ಅಂತ ಬಾಯಿ ತೆಗೆದಿದೀನಿ, ಅಷ್ಟಕ್ಕೆ ನಿಂತೋಯ್ತು! ಹನ್ನೆರಡು ನಿಮಿಷ! ಹನ್ನೆರಡು ನಿಮಿಷ ನಾನು ಬಾಯಿ ತೆಗೆದ್ಕೊಂಡೇ ಇದ್ದೆ ಅಂತೆ ಅವರ ಪರದೆ ಮೇಲೆ. ಎಲ್ಲಿ ಹೋಗ್ತಿದೆ ಇಡೀ ಕಟ್ಟೆಯ ವೈಫೈ?"

ಎಲ್ಲರೂ ಮೇಲೆ ನೋಡಿದರು. ಕಂಬದ ತುದಿಯಲ್ಲಿ ಚೀಲ ಗಾಳಿಗೆ ಓಲಾಡುತ್ತ ಭೋರ್ಗರೆಯುತ್ತಿತ್ತು. ಅದೇ ಸಂಜೆ ಬ್ಯಾಟರಿ ಮುಗಿದು ಸುಮ್ಮನಾಯಿತು. ದೂರು ಮಾತ್ರ ಅಷ್ಟು ಹೊತ್ತಿಗೆ ಕಚೇರಿ ಸೇರಿತ್ತು.

ಮಾರನೆಯ ದಿನ ಸಾಹೇಬರು ಸಭೆ ಕರೆದರು. ಗಂಟಣ್ಣ ಹೆಂಡತಿಯನ್ನೂ ಕರೆದುಕೊಂಡು ಹೋದ. ಬೇಡವೆಂದರೂ ಅವಳೇ ಬಂದಳೆಂದರೆ ಸರಿ. ಮುಂದಿನ ಬೆಂಚಿನಲ್ಲಿ ಕೋಲು ಊರಿ ಕೂತಳು. ಸಾಹೇಬರು ಅವಳ ಆರೋಗ್ಯ ವಿಚಾರಿಸಿದರು.

"ಮೊದಲನೇದಾಗಿ ಸಂತೋಷದ ವಿಷಯ. ಹದಿನೇಳರಲ್ಲಿ ವಾಸ ಇದ್ದಾರೆ ಅಂತ ಪಟ್ಟಿ ಒಪ್ಪಿಕೊಂಡಿದೆ."

ಗಂಟಣ್ಣ ಹೆಂಡತಿಯ ಕಡೆ ತಿರುಗಿ ಹಲ್ಲು ಬಿಟ್ಟ.

"ಎರಡನೇದು. ಉಳಿದ ನೂರಾ ಹತ್ತೊಂಬತ್ತು ದೋಣಿ ಸೇರಿ ಎಷ್ಟು ಉಪಯೋಗಿಸಿದ್ವೋ ಅಷ್ಟನ್ನ ಹದಿನೇಳು ಒಂದೇ ಉಪಯೋಗಿಸಿದೆ. ಇದು ಮನೆಯ ಬಳಕೆ ಅಲ್ಲ, ಉದ್ಯಮದ ಬಳಕೆ ಅಂತ ಪಟ್ಟಿ ಹೇಳುತ್ತೆ. ಉದ್ಯಮದ ದೋಣಿಗಳಿಗೆ ಒಳಸಾಲಿನಲ್ಲಿ ಜಾಗ ಇಲ್ಲ. ಹೊರಸಾಲು."

ಬಿಟ್ಟ ಹಲ್ಲನ್ನು ಮುಚ್ಚಿಕೊಳ್ಳಲು ಗಂಟಣ್ಣನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಇಲ್ಲದಿದ್ದಾಗಲೂ ಹೊರಸಾಲು, ಇದ್ದರೂ ಹೊರಸಾಲು. ಎತ್ತ ಈಜಿದರೂ ಅದೇ ದಡ.

ಅವನು ಎದ್ದು ನಿಂತ. ಮೂರು ತಿಂಗಳ ಹಿಂದೆ ಎದ್ದು ನಿಂತ ಕಾಲುಗಳೇ.

"ಸಾರ್, ನಾನು ಸುಳ್ಳು ಹೇಳಿದ್ದೆ. ನಮಗೆ ಸಿಗ್ನಲ್ ಬರಲ್ಲ. ಮೊದಲ ದಿನದಿಂದಲೂ ಬಂದಿಲ್ಲ. ಮೈದುನನ ಮುಂದೆ ಮಾನ ಹೋಗುತ್ತೆ ಅಂತ ಹಾಗಂದೆ. ಒಳಸಾಲಿಗೆ ಯಾರಿಗೂ ಬರಲ್ಲ ಸಾರ್. ಬೇಕಾದ್ರೆ ಇವರನ್ನೇ ಕೇಳಿ."

ಸಾಹೇಬರು ಒಳಸಾಲಿನವರ ಕಡೆ ತಿರುಗಿದರು. "ನಿಮಗೆ ಬರುತ್ತಾ?"

ಹದಿನಾರನೇ ದೋಣಿ ತಲೆ ತಗ್ಗಿಸಿತು. ಹತ್ತೊಂಬತ್ತನೆಯದು ಕೆಮ್ಮಿತು. ಗಡಿಯಾರ ರಿಪೇರಿಯವರು ತಮ್ಮ ಒಗೆದು ಒಗೆದು ಬಣ್ಣ ಹೋದ ಅಂಗಿಯ ತೋಳು ನೋಡಿಕೊಂಡರು.

"ಬರುತ್ತೆ" ಎಂದರು. "ಚೆನ್ನಾಗೇ ಬರುತ್ತೆ."

"ಬರುತ್ತೆ, ಬರುತ್ತೆ" ಎಂದರು ಉಳಿದವರು.

"ಪಟ್ಟಿಯೂ ಅದನ್ನೇ ಹೇಳುತ್ತೆ" ಎಂದರು ಸಾಹೇಬರು, ನೊಂದುಕೊಂಡು. ಅವರು ನಿಜವಾಗಿಯೂ ನೊಂದಿದ್ದರು. "ನೋಡಿ, ನಾನು ಕಲ್ಲು ಮನಸ್ಸಿನವನಲ್ಲ. ಒಂದು ನಿಯಮ ಇದೆ. ದೋಣಿಯಲ್ಲಿ ಕಾಯಿಲೆಯವರು ಇದ್ರೆ ಒಳಸಾಲು ಬಿಟ್ಟುಕೊಡಬಹುದು."

ಗಂಟಣ್ಣ ಎರಡೂ ಕೈಗಳಿಂದ ಹೆಂಡತಿಯನ್ನು ತೋರಿಸಿದ. ತೋರಿಸಬೇಕಾಗಿಯೇ ಇರಲಿಲ್ಲ, ಅವಳು ಮೂರು ಅಡಿ ದೂರದಲ್ಲಿ, ತೋಳಿಗೆ ಹತ್ತಿ ಅಂಟಿಸಿಕೊಂಡು ಕೂತಿದ್ದಳು.

"ಕಾಣುತ್ತೆ, ಕಾಣುತ್ತೆ. ಆದ್ರೆ ಒಂದು ಫೋನಿಗೆ ಒಬ್ಬರು ಅಂತ ಲೆಕ್ಕ. ಹದಿನೇಳರಿಂದ ಬಂದಿದ್ದು ಒಂದೇ ಫೋನು. ಪಟ್ಟಿ ಪ್ರಕಾರ ಅಲ್ಲಿ ಇರೋದು ಒಬ್ಬರೇ. ಆ ಒಬ್ಬರು ನೀವು. ನಿಮಗೇನೂ ಕಾಯಿಲೆ ಇಲ್ಲವಲ್ಲ?"

"ಇಲ್ಲ" ಎಂದ ಗಂಟಣ್ಣ. ಸುಳ್ಳು ಹೇಳಬೇಕಾದ ಒಂದೇ ಒಂದು ಸಂದರ್ಭದಲ್ಲಿ ಅವನಿಗೆ ಸುಳ್ಳು ಹೊಳೆಯಲಿಲ್ಲ.

ಹೊರಗೆ ಮೆಟ್ಟಿಲ ಬಳಿ ಗಡಿಯಾರ ರಿಪೇರಿಯವರು ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದರು.

"ಬೇಜಾರು ಮಾಡ್ಕೋಬೇಡಿ. ನಮಗೂ ಬರಲ್ಲ. ಬರಲ್ಲ ಅಂತ ಅಂದ್ರೆ ನಾವೂ ಸಹಿ ಹಾಕಿದವರೇ ತಾನೆ? ನಮ್ಮನ್ನೂ ಎತ್ತಿ ಆಚೆ ಹಾಕ್ತಾರೆ."

"ಮತ್ತೆ ನಿಮ್ಮ ಹೆಸರು ಪಟ್ಟಿಯಲ್ಲಿ ಹೇಗೆ ಬಂತು?"

"ಅಯ್ಯೋ ಮಹರಾಯ, ಬಟ್ಟೆ ಒಗೆಯೋ ಕೋಣೆ ಜಗಲಿ ಮೇಲೆ ಕೂತ್ರೆ ನಾಲ್ಕು ಕಡ್ಡಿ ಬರುತ್ತಲ್ರೀ! ನಮ್ಮ ನಂಬರು ಒತ್ತಿದ್ರೆ ಎಲ್ಲಿ ಕೂತ್ರೇನು? ಇಡೀ ಸಾಲು ಅಲ್ಲೇ ಕೂರ್ತಿದ್ವಿ. ನಿಮಗೆ ಮಾತ್ರ ದೋಣಿಯಲ್ಲೇ ಫುಲ್ ಬರುತ್ತೆ ಅಂತ ನಾವೆಲ್ಲ ಹೊಟ್ಟೆ ಉರ್ಕೊಂಡ್ವಿ."

ಗಂಟಣ್ಣ ಅವರ ಅಂಗಿಯನ್ನೇ ನೋಡುತ್ತ ನಿಂತ. ಹೆಂಡತಿ ಕೇಳಿಸಿಕೊಂಡಳು. ನಗು ಬಂದರೂ ಬಂದಿರಬಹುದು. ಆ ದಿನಗಳಲ್ಲಿ ಅವಳ ಮುಖದಲ್ಲಿ ನಗುವಿಗೂ ಆಯಾಸಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಬುಧವಾರ ದೋಣಿಯನ್ನು ಎಳೆದುಕೊಂಡು ಹೋದರು. ಕಟ್ಟಿದ ಹಗ್ಗಗಳ ಗಂಟು ಬಿಚ್ಚಲಾಗದೆ ನಾಲ್ಕನ್ನೂ ಕೊಯ್ಯಬೇಕಾಯಿತು. ಹೊರಸಾಲಿನ ತುದಿಯಲ್ಲಿ, ಎರಡನೇ ಬಿಳಿ ಪೆಟ್ಟಿಗೆಯ ನೇರ ಕೆಳಗೆ ಜಾಗ ಸಿಕ್ಕಿತು. ಅಲ್ಲಿ ದೋಣಿ ಸುಮ್ಮನೆ ನಿಲ್ಲುತ್ತಿರಲಿಲ್ಲ. ಹೊಲಿಗೆ ಯಂತ್ರಕ್ಕೆ ಸೂಜಿ ಪೋಣಿಸಲು ಅವನಿಗೆ ಅರ್ಧ ಗಂಟೆ ಬೇಕಾಯಿತು. ಅವಳು ಎರಡು ಸಲ ವಾಂತಿ ಮಾಡಿಕೊಂಡಳು. ಮೈದುನ ಬಂದು, "ಅಕ್ಕ, ನಮ್ಮನೆಗೆ ಬಂದ್ಬಿಡು" ಎಂದ. ಅವನ ಮನೆ ಐದನೇ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಹೇಳಿದ ಮೇಲೆ ಅವನಿಗೂ ಅದು ನೆನಪಾಯಿತು.

ಗುರುವಾರ ಆಸ್ಪತ್ರೆಯ ದಿನ. ಆರು ಗಂಟೆಗೇ ಹೊರಟರು. ಗಾಳಿಯಿತ್ತು. ಕಂಬಿ ಇರುವಷ್ಟು ದೂರಕ್ಕೂ ಅವಳಿಂದ ನಡೆಯಲಾಗಲಿಲ್ಲ. ಅರವತ್ತನೇ ಹೆಜ್ಜೆಗೆ ಹಲಗೆಯ ಮೇಲೆ ಕೂತುಬಿಟ್ಟಳು. ಹಲಗೆ ಏಳುತ್ತಿತ್ತು, ಬೀಳುತ್ತಿತ್ತು. ಅವನು ಹೊರಲು ನೋಡಿದ. ಹಲಗೆಯ ಸಂದಿನಲ್ಲಿ ಕಾಲು ಸಿಕ್ಕಿ ಇಬ್ಬರೂ ನೀರಿಗೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು.

"ನಿಮ್ಮ ಗಂಟೇ ವಾಸಿ. ಬಿಡೋದಾದ್ರೂ ಇಲ್ಲ. ಇಳಿಸಿ ನನ್ನ" ಎಂದಳು.

ಅವನು ಓಡಿಹೋಗಿ ದಡದಿಂದ ಕಬ್ಬಿಣದ ಕೈಗಾಡಿ ತಂದ. ಹಾಯಿಯ ಸುರುಳಿ, ಲಂಗರು, ನೀರಿನ ಡಬ್ಬ ಸಾಗಿಸುವ ಗಾಡಿ. ಒಳಗೆ ಹಳೇ ಹಾಯಿಬಟ್ಟೆಯ ನಾಲ್ಕು ಮಡಿಕೆ ಹಾಸಿ ಅವಳನ್ನು ಕೂರಿಸಿದ. ಒಂದೊಂದು ಸಂದಿಗೂ ಗಾಡಿ ನಿಂತಿತು. ಒಂದೊಂದು ಸಲವೂ ಅವನು ಮುಂದೆ ಹೋಗಿ ಚಕ್ರ ಎತ್ತಿ ದಾಟಿಸಿ, ಮತ್ತೆ ಹಿಂದೆ ಬಂದು ತಳ್ಳಿದ. ಒಳಸಾಲಿನವರು ಕಿಟಕಿಗಳಿಂದ ನೋಡಿದರು. ಗಡಿಯಾರ ರಿಪೇರಿಯವರು ಬಟ್ಟೆ ಬುಟ್ಟಿ ಕೆಳಗಿಟ್ಟು ಓಡಿಬಂದು ಕೊನೆಯ ಎರಡು ಸಂದು ದಾಟಿಸಲು ಕೈಕೊಟ್ಟರು.

ಕಚೇರಿಯ ಮುಂದೆ ಸಾಹೇಬರು ಬಾಗಿಲು ತೆಗೆಯುತ್ತಿದ್ದರು. ಗಾಡಿ ನೋಡಿ ಕೆಳಗಿಳಿದು ಬಂದರು. ಆರೋಗ್ಯ ವಿಚಾರಿಸಿದರು. ಆಮೇಲೆ ಬಹಳ ಸಂಕೋಚದಿಂದ ಹೇಳಿದರು.

"ತಪ್ಪು ತಿಳ್ಕೋಬೇಡಿ. ಇದು ಸಾಮಾನು ಸಾಗಿಸೋ ಗಾಡಿ. ಮನುಷ್ಯರನ್ನ ಕೂರಿಸೋ ಹಾಗಿಲ್ಲ."

ಹೆಂಡತಿ ಹಾಯಿಬಟ್ಟೆಯೊಳಗಿಂದ ತಲೆ ಎತ್ತಿದಳು.

"ಪಟ್ಟಿ ನೋಡಿ ಬನ್ನಿ ಸಾರ್" ಎಂದಳು. "ನಾನು ಮನುಷ್ಯಳು ಅಂತ ಅದರಲ್ಲಿ ಎಲ್ಲಾದ್ರೂ ಇದ್ರೆ ಇಳೀತೀನಿ."

ಸಾಹೇಬರು ಬೀಗದ ಕೈ ಜೇಬಿಗೆ ಹಾಕಿಕೊಂಡರು.

ನಿಯಮದ ಮನುಷ್ಯ, ಪಟ್ಟಿ ನೋಡಲು ನಿಜವಾಗಿಯೂ ಒಳಗೆ ಹೋದರು. ಅವರು ಹೊರಗೆ ಬರುವ ಹೊತ್ತಿಗೆ ಗಾಡಿ ಗೇಟು ದಾಟಿತ್ತು.

ಏಳೂ ನಲವತ್ತೆರಡು. ವ್ಯಾನು ನಿಲ್ಲುವ ಜಾಗದಲ್ಲಿ ಎಣ್ಣೆಯ ಒಂದು ಕಲೆ ಬಿಟ್ಟರೆ ಏನೂ ಇರಲಿಲ್ಲ. ಆಸ್ಪತ್ರೆ ಊರಿನ ಆಚೆ ತುದಿಗೆ. ಗಂಟಣ್ಣ ರಸ್ತೆಯ ಎಡಕ್ಕೂ ಬಲಕ್ಕೂ ನೋಡಿದ. ಆಮೇಲೆ ಗಾಡಿಯನ್ನು ಪಾದಚಾರಿ ದಾರಿಗೆ ಹತ್ತಿಸಿದ. ಅಂಗಡಿಗಳು ಆಗಷ್ಟೇ ಬಾಗಿಲು ತೆಗೆಯುತ್ತಿದ್ದವು. ಕೆಲಸಕ್ಕೆ ಹೋಗುವವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

"ರೀ."

"ಏನು?"

"ಎಡಗಡೆ ಚಕ್ರ ಕೀರ್ ಅಂತಿದೆ."

"ಎಣ್ಣೆ ಹಾಕ್ತೀನಿ ನಾಳೆ."

"ನಾಳೆ ಬೇಡ. ನಾಳಿದ್ದು ಬೆಳಿಗ್ಗೆ ಹಾಕಿ" ಎಂದಳು. "ನಾಳಿದ್ದು ತಾನೆ ಮತ್ತೆ ಹೋಗೋದು."